ಮಳೆಮಾಪಕವಿಲ್ಲದ ಕಡಲಿನಲ್ಲಿ ಮಳೆಯ ಲೆಕ್ಕ

ವಿಜಯಪುರ ಜಿಲ್ಲೆಯ ಯಾವುದಾದರೂ ತಾಲ್ಲೂಕು ಕೇಂದ್ರದಲ್ಲಿ ಬೆಳಗ್ಗೆ ಎಂಟೂವರೆಗೆ ಮಳೆಮಾಪಕದ ಪಕ್ಕದಲ್ಲಿ ನಿಂತು ನೋಡಿದರೆ ಮಳೆ ಅಳೆಯುವುದು ಬಹಳ ಸರಳವಾದ ಕೆಲಸವೆಂದು ತೋರುತ್ತದೆ. ಹಿಂದಿನ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಾಪಕದೊಳಗೆ ಸೇರಿದ ನೀರನ್ನು ಗೆರೆ ಹಾಕಿದ ಗಾಜಿನ ಅಳತೆಪಾತ್ರೆಗೆ ಸುರಿದು, ನೀರು ಮುಟ್ಟಿದ ಗೆರೆಯನ್ನು ಓದಿ, ವಹಿಯಲ್ಲಿ ಬರೆದರೆ ಮುಗಿಯಿತು. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್, ಅಂದರೆ ಸಣ್ಣದೊಂದು ಟ್ಯಾಂಕರಿನಷ್ಟು. ಇಡೀ ದಿನದ ಮಳೆ 2.5 ಮಿ.ಮೀ. ತಲುಪಿದರೆ ಮಾತ್ರ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ಮಾಪಕವಿಲ್ಲದ ಕಡೆಯೂ ನಮ್ಮ ರೈತರು ಅಳತೆಯಿಲ್ಲದೆ ಕುಳಿತವರಲ್ಲ. ಎರಿ ಹೊಲದ ಮಣ್ಣನ್ನು ಅಗೆದು, ಹಸಿ ಎಷ್ಟು ಗೇಣು ಇಳಿದಿದೆ ಎಂದು ನೋಡಿದ ಮೇಲೆಯೇ ಹಿಂಗಾರಿ ಬಿಳಿಜೋಳದ ಬಿತ್ತಿಗೆಯನ್ನು ನಿಶ್ಚಯಿಸುತ್ತಾ ಬಂದಿದ್ದಾರೆ.

ಗಾಜಿನ ಪಾತ್ರೆಯ ಅಳತೆಗೂ ಗೇಣಿನ ಅಳತೆಗೂ ಆಧಾರ ಒಂದೇ: ಬಿದ್ದ ಮಳೆ ಬಿದ್ದ ಜಾಗದಲ್ಲಿ ಸ್ವಲ್ಪ ಹೊತ್ತಾದರೂ ಉಳಿಯುತ್ತದೆ. ಕಡಲಿನಲ್ಲಿ ಈ ಆಧಾರವೇ ಇಲ್ಲ. ಅಲ್ಲಿ ಬಿದ್ದ ಹನಿ ಆ ಕ್ಷಣವೇ ನೀರಿನಲ್ಲಿ ನೀರಾಗಿ ಹೋಗುತ್ತದೆ. ನೆಲ ಒದ್ದೆಯಾಗುವುದಿಲ್ಲ, ಹಳ್ಳ ಹರಿಯುವುದಿಲ್ಲ, ಕೆರೆ ತುಂಬುವುದಿಲ್ಲ. ಆದರೂ ಭೂಮಿಯ ಮೇಲೆ ಬೀಳುವ ಒಟ್ಟು ಮಳೆಯಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಬೀಳುವುದು ಕಡಲಿನ ಮೇಲೆಯೇ. ಜಗತ್ತಿನ ಎಲ್ಲ ಮಳೆಮಾಪಕಗಳ ಬಾಯಿಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟರೂ ಅವು ಅರ್ಧ ಫುಟ್‌ಬಾಲ್ ಮೈದಾನವನ್ನು ತುಂಬಲಾರವು ಎಂದು 2017ರಲ್ಲಿ ಪ್ರಕಟವಾದ ಒಂದು ಲೆಕ್ಕ ತೋರಿಸಿತು. ಆ ಅಷ್ಟಿಷ್ಟು ಮಾಪಕಗಳೂ ಬಹುಪಾಲು ನೆಲದ ಮೇಲಿವೆ.

ಹಡಗಿನ ಮೇಲೆ ಒಂದು ಮಾಪಕ ಇಟ್ಟರಾಗದೇ ಎಂದು ಯಾರಿಗಾದರೂ ಅನಿಸುವುದು ಸಹಜ. ಇಟ್ಟು ನೋಡಿದ್ದಾರೆ. ಹಡಗಿನ ಎತ್ತರದ ಮೈಗೆ ಬಡಿದ ಗಾಳಿ ಮೇಲಕ್ಕೆ ಹಾರಿ ಹನಿಗಳನ್ನು ಮಾಪಕದ ಬಾಯಿಯಿಂದ ಆಚೆಗೆ ತಳ್ಳುತ್ತದೆ. ಅಲೆಯ ತುಂತುರು ಒಳಗೆ ಬಿದ್ದು ಮಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಇವೆರಡನ್ನೂ ಸರಿಪಡಿಸಬಹುದು ಎಂದುಕೊಂಡರೂ ಮೂರನೆಯದೊಂದು ತೊಡಕು ಉಳಿಯುತ್ತದೆ: ಯಾವ ನಾವಿಕನೂ ಬೇಕೆಂದು ಬಿರುಗಾಳಿಯೊಳಗೆ ಹಡಗು ನಡೆಸುವುದಿಲ್ಲ. ಹಾಗಾಗಿ ಎಲ್ಲಿ ಹೆಚ್ಚು ಮಳೆಯೋ ಅಲ್ಲಿಯೇ ಹಡಗುಗಳ ಅಳತೆ ಇರುವುದಿಲ್ಲ. ದ್ವೀಪಗಳು ಇದಕ್ಕಿಂತ ವಾಸಿ, ಆದರೆ ಗುಡ್ಡಗಳಿರುವ ದ್ವೀಪ ತಾನೇ ಮೋಡವನ್ನು ತಡೆದು ಮಳೆ ಸುರಿಸಿಕೊಳ್ಳುವುದರಿಂದ ಅಲ್ಲಿಯ ಅಳತೆ ಸುತ್ತಲಿನ ಕಡಲಿಗೆ ಅನ್ವಯಿಸುವುದಿಲ್ಲ. ಶಾಂತಸಾಗರದ ತಗ್ಗಾದ ಹವಳದ ದಿಬ್ಬಗಳು ಮಾತ್ರ ತೆರೆದ ಕಡಲಿಗೆ ಹತ್ತಿರವಾದ ಲೆಕ್ಕ ಕೊಡುತ್ತವೆ. ಇವಲ್ಲದೆ ಕಡಲತಳಕ್ಕೆ ಲಂಗರು ಹಾಕಿ ನಿಲ್ಲಿಸಿದ ತೇಲುವ ಮಾಪನ ಕೇಂದ್ರಗಳಿವೆ. ಹಿಂದೂ ಮಹಾಸಾಗರದಲ್ಲಿ ‘ರಾಮಾ’ ಎಂಬ ಅಂತರರಾಷ್ಟ್ರೀಯ ಸರಣಿಯೂ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನಿಲ್ಲಿಸಿದ ಕೇಂದ್ರಗಳೂ ಇಂಥವು. ಇವುಗಳ ಅಳತೆ ಅಮೂಲ್ಯವಾದದ್ದು, ಆದರೆ ಒಂದು ಕೇಂದ್ರಕ್ಕೂ ಮತ್ತೊಂದಕ್ಕೂ ನಡುವೆ ನೂರಾರು ಕಿಲೋಮೀಟರ್ ನೀರು. ಒಂದೇ ಊರಿನ ಈಚೆ ಹೊಲದಲ್ಲಿ ಹದಮಳೆಯಾಗಿ ಆಚೆ ಹೊಲದಲ್ಲಿ ಧೂಳು ಏಳುವುದನ್ನು ಕಂಡ ನಮಗೆ ಅಷ್ಟು ದೂರದ ಅಂತರ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಕಡಲ ಮಳೆಯ ಲೆಕ್ಕಕ್ಕೆ ಆಕಾಶದಿಂದಲೇ ನೋಡಬೇಕು. ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಯಾವ ಉಪಗ್ರಹವೂ ಮಳೆಯನ್ನು ಅಳೆಯುವುದಿಲ್ಲ. ಮಳೆ ಸುರಿಯುವಾಗ ಉಂಟಾಗುವ ಯಾವುದೋ ಒಂದು ಗುರುತನ್ನು, ಅಂದರೆ ಮೋಡದ ತಂಪನ್ನೋ, ಹನಿಗಳಿಂದ ಹೊಮ್ಮುವ ಕಿರಣವನ್ನೋ, ಹನಿಗಳಿಗೆ ತಾಗಿ ಮರಳುವ ಪ್ರತಿಧ್ವನಿಯನ್ನೋ ಅಳೆದು, ಅದರಿಂದ ಮಳೆ ಇಷ್ಟಿರಬೇಕೆಂದು ಊಹಿಸುತ್ತದೆ. ಪ್ರತಿಯೊಂದು ವಿಧಾನದ ಬಲವೂ ದೋಷವೂ ಆ ಊಹೆಯೊಳಗೇ ಇರುತ್ತವೆ.

ಮೊದಲನೆಯ ಗುರುತು ಮೋಡದ ತಂಪು. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುವುದರಿಂದ, ಮೋಡದ ನೆತ್ತಿ ಎಷ್ಟು ತಣ್ಣಗಿದೆಯೋ ಮೋಡ ಅಷ್ಟು ಎತ್ತರಕ್ಕೆ ಬೆಳೆದಿದೆ ಎಂದರ್ಥ. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹಗಳು, ನಮ್ಮ ಇನ್ಸ್ಯಾಟ್-3ಡಿಆರ್, ಇನ್ಸ್ಯಾಟ್-3ಡಿಎಸ್ ಸೇರಿದಂತೆ, ಅವಕೆಂಪು (ಇನ್ಫ್ರಾರೆಡ್) ಕಿರಣಗಳ ಮೂಲಕ ಈ ತಂಪನ್ನು ಹಗಲು ರಾತ್ರಿ ಎನ್ನದೆ ನೋಡುತ್ತಿರುತ್ತವೆ. 1974ರಲ್ಲಿ ಉಷ್ಣವಲಯದ ಅಟ್ಲಾಂಟಿಕ್ ಸಾಗರದಲ್ಲಿ ಹಡಗುಗಳ ಮೇಲೆ ರೇಡಾರ್ ಇಟ್ಟು ನಡೆಸಿದ ದೊಡ್ಡ ಪ್ರಯೋಗದ ಮಾಹಿತಿಯನ್ನು ಹಿಡಿದು ಅಮೆರಿಕದ ಫಿಲಿಪ್ ಆರ್ಕಿನ್ ಒಂದು ಸರಳ ಸೂತ್ರ ರೂಪಿಸಿದರು. ಸುಮಾರು 275 ಕಿ.ಮೀ. ಉದ್ದಗಲದ ಕಡಲಿನ ಚೌಕವೊಂದರಲ್ಲಿ ಎಷ್ಟು ಪಾಲನ್ನು ಮೈನಸ್ 38 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ಮೋಡ ಮುಚ್ಚಿದೆಯೋ, ಆ ಪಾಲಿನಲ್ಲಿ ಗಂಟೆಗೆ 3 ಮಿ.ಮೀ. ಮಳೆ ಎಂದು ಎಣಿಸಬೇಕು. ಚೌಕದ ಕಾಲು ಭಾಗವನ್ನು ಇಡೀ ದಿನ ಅಂಥ ಮೋಡ ಮುಚ್ಚಿದ್ದರೆ ಆ ದಿನದ ಸರಾಸರಿ ಮಳೆ 18 ಮಿ.ಮೀ. ಇಷ್ಟು ಒರಟಾದ ಸೂತ್ರ ತಿಂಗಳ ಲೆಕ್ಕದಲ್ಲಿ, ವಿಶಾಲವಾದ ಉಷ್ಣವಲಯದ ಕಡಲಿನಲ್ಲಿ, ಆಶ್ಚರ್ಯವಾಗುವಷ್ಟು ಚೆನ್ನಾಗಿ ಹೊಂದುತ್ತದೆ.

ಒಂದು ಮೋಡಕ್ಕೆ, ಒಂದು ಗಂಟೆಗೆ ಇದನ್ನು ಅನ್ವಯಿಸಿದರೆ ಮಾತ್ರ ಸೂತ್ರ ಎಡವುತ್ತದೆ. ದೂರದಲ್ಲೆಲ್ಲೋ ಸಿಡಿಲಿನ ಮಳೆ ಸುರಿಸಿದ ಮೋಡದ ನೆತ್ತಿ ಹರಡಿಕೊಂಡು ಬಸವನ ಬಾಗೇವಾಡಿಯ ಮೇಲೆಲ್ಲ ತೆಳುವಾಗಿ ಕವಿದು, ಒಂದು ಹನಿಯನ್ನೂ ಉದುರಿಸದೆ ಹೋಗುವುದನ್ನು ನಾವು ಕಂಡಿದ್ದೇವೆ. ಉಪಗ್ರಹಕ್ಕೆ ಅದೂ ತಣ್ಣಗಿನ ಮೋಡವೇ. ಇದಕ್ಕೆ ತದ್ವಿರುದ್ಧವಾದದ್ದು ಬೆಳಗಾವಿ ಜಿಲ್ಲೆಯ ಪಶ್ಚಿಮದ ಅಂಚು. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಜುಲೈನಲ್ಲಿ ಬಿಡದೆ ಸುರಿಯುವ ಮಳೆಯ ಬಹುಪಾಲು ಅಷ್ಟೇನೂ ಎತ್ತರಕ್ಕೆ ಬೆಳೆಯದ ಮೋಡಗಳದು. ಅವುಗಳ ನೆತ್ತಿ ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ ಅವಕೆಂಪಿನ ಲೆಕ್ಕದಲ್ಲಿ ಅಲ್ಲಿಯ ಮಳೆ ನಿಜಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಅದೇ ಬಗೆಯ ಗಿಡ್ಡ ಮೋಡಗಳು ಕೊಂಕಣದ ಎದುರಿನ ಅರಬ್ಬಿ ಸಮುದ್ರದ ಮೇಲೂ ಮಳೆ ಸುರಿಸುತ್ತವೆ. ಮಳೆಗಾಲದಲ್ಲಿ ಮೊಬೈಲಿಗೆ ಬರುವ ಬಣ್ಣಬಣ್ಣದ ಉಪಗ್ರಹ ಚಿತ್ರಗಳಲ್ಲಿ ಹಲವು ಮೋಡದ ನೆತ್ತಿಯ ಉಷ್ಣತೆಯ ಚಿತ್ರಗಳೇ ಹೊರತು ಮಳೆಯ ಚಿತ್ರಗಳಲ್ಲ ಎಂಬುದನ್ನು ಇಲ್ಲಿಯೇ ನೆನಪಿಸಬೇಕೆನಿಸುತ್ತದೆ.

ಎರಡನೆಯ ಗುರುತು ಮೈಕ್ರೋವೇವ್. ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ಅತ್ಯಂತ ಸುಂದರವಾದ ಭಾಗ ಇದೇ. ಕಾದ ಹೆಂಚಿನ ಹತ್ತಿರ ಅಂಗೈ ಒಡ್ಡಿದರೆ ಮುಟ್ಟದೆಯೂ ಬಿಸಿ ತಿಳಿಯುವಂತೆ, ಲೋಕದ ಪ್ರತಿಯೊಂದು ವಸ್ತುವೂ ತನ್ನ ಉಷ್ಣತೆಗೆ ತಕ್ಕಂತೆ ಕಿರಣಗಳನ್ನು ಹೊಮ್ಮಿಸುತ್ತಿರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲು ಮೈಕ್ರೋವೇವ್ ತರಂಗಗಳಾಗಿರುತ್ತದೆ. ಈ ತರಂಗಗಳು ಎತ್ತರದ ತೆಳು ಮೋಡಗಳನ್ನು ಹೆಚ್ಚು ಅಡ್ಡಿಯಿಲ್ಲದೆ ದಾಟಿ ಬರುವುದರಿಂದ ಉಪಗ್ರಹಕ್ಕೆ ಮೋಡದ ಒಳಗಿನ ಮಳೆಹನಿಗಳ ಸುದ್ದಿ ನೇರವಾಗಿ ಸಿಗುತ್ತದೆ. ಆದರೆ ಎಲ್ಲ ವಸ್ತುಗಳೂ ಒಂದೇ ಉದಾರತೆಯಿಂದ ಹೊಮ್ಮಿಸುವುದಿಲ್ಲ. ಒಣ ನೆಲ ತಾನು ಹೊಮ್ಮಿಸಬಹುದಾದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ಹೊಮ್ಮಿಸಿದರೆ, ಕಡಲಿನ ನೀರು ಸುಮಾರು ಅರ್ಧವನ್ನಷ್ಟೇ ಹೊಮ್ಮಿಸುತ್ತದೆ. ಹೀಗಾಗಿ ಕಡಲಿನ ನೀರು 28 ಡಿಗ್ರಿ ಬೆಚ್ಚಗಿದ್ದರೂ ಮೈಕ್ರೋವೇವ್ ಕಣ್ಣಿಗೆ ಅದು ಮಬ್ಬಾಗಿ, ಬಹಳ ತಣ್ಣಗಿರುವಂತೆ ತೋರುತ್ತದೆ. ಆ ಮಬ್ಬಿನ ಮೇಲೆ ಮಳೆ ಬಂದಾಗ ಹನಿಗಳು ಹೊಮ್ಮಿಸುವ ತರಂಗಗಳು ಬೆಳಕಿನಂತೆ ಎದ್ದು ಕಾಣುತ್ತವೆ.

ಎರಿ ಹೊಲದ ಮೇಲೆ ಬಿದ್ದ ಬಿಳಿಜೋಳದ ಕಾಳು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಅದೇ ಕಾಳನ್ನು ಹಾಸಿದ ಬಿಳಿ ಧೋತರದ ಮೇಲೆ ಹುಡುಕಬೇಕಾಗುತ್ತದೆ. ಮೈಕ್ರೋವೇವ್‌ನಲ್ಲಿ ಕಡಲೇ ಕಪ್ಪು ಹೊಲ, ನಮ್ಮ ಕಪ್ಪು ಹೊಲವೇ ಬಿಳಿ ಧೋತರ. ನೆಲದ ಮೇಲೆ ಹಿನ್ನೆಲೆಯೂ ಹನಿಯೂ ಒಂದೇ ಬಗೆಯಾಗಿ ಹೊಳೆಯುವುದರಿಂದ, ಅಲ್ಲಿ ಹನಿಗಳನ್ನು ಬಿಟ್ಟು ಮೋಡದ ಮೇಲ್ಭಾಗದ ಹಿಮದ ಹರಳುಗಳು ತರಂಗಗಳನ್ನು ಎಷ್ಟು ಚದುರಿಸುತ್ತವೆ ಎಂಬ ಪರೋಕ್ಷವಾದ ಗುರುತನ್ನು ನೆಚ್ಚಬೇಕಾಗುತ್ತದೆ. ಮಾಪಕವೊಂದನ್ನೂ ನಿಲ್ಲಿಸಲು ಜಾಗ ಕೊಡದ ಕಡಲಿನಲ್ಲಿಯೇ ಆಕಾಶದಿಂದ ಮಳೆ ಹೆಚ್ಚು ನೇರವಾಗಿ ಕಾಣುತ್ತದೆ ಎಂಬುದು ನನಗಂತೂ ಇಂದಿಗೂ ಬೆರಗಿನ ಸಂಗತಿ. 1972ರ ಡಿಸೆಂಬರ್‌ನಲ್ಲಿ ಹಾರಿದ ನಿಂಬಸ್-5 ಉಪಗ್ರಹದ ಉಪಕರಣ 19 ಗಿಗಾಹರ್ಟ್ಸ್ ತರಂಗಗಳಲ್ಲಿ ಈ ಕೆಲಸವನ್ನು ಮೊದಲು ತೋರಿಸಿಕೊಟ್ಟಿತು. 1987ರಿಂದ ಅಮೆರಿಕದ ರಕ್ಷಣಾ ಹವಾಮಾನ ಉಪಗ್ರಹಗಳ ಮೇಲಿನ ಉಪಕರಣಗಳು ಅದನ್ನು ಎಡೆಬಿಡದೆ ಮುಂದುವರಿಸಿದವು.

ಈ ವಿಧಾನಕ್ಕೂ ಮಿತಿಗಳಿವೆ. ಉಪಗ್ರಹ ಒಂದು ಸಲಕ್ಕೆ ನೋಡುವ ತುಣುಕು ದೊಡ್ಡದು: 1987ರ ಉಪಕರಣಕ್ಕೆ 19 ಗಿಗಾಹರ್ಟ್ಸ್‌ನಲ್ಲಿ ಒಂದು ಚುಕ್ಕಿ ಎಂದರೆ ಸುಮಾರು 69 ಕಿ.ಮೀ. ಉದ್ದ, 43 ಕಿ.ಮೀ. ಅಗಲದ ಪ್ರದೇಶ, ಅಂದರೆ ವಿಜಯಪುರದಿಂದ ಹೊರಟು ಆಲಮಟ್ಟಿಯನ್ನು ದಾಟುವಷ್ಟು ಉದ್ದ. ಅಷ್ಟು ಜಾಗದಲ್ಲಿ ಮಳೆ ಒಂದೇ ಸಮನೆ ಬೀಳುವುದಿಲ್ಲ. ಮಳೆ ಹೆಚ್ಚಾದಂತೆ ಹೊಳಪೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತಾ ಹೋಗಿದ್ದರೆ ತೊಂದರೆಯಿರಲಿಲ್ಲ, ಸರಾಸರಿ ಸರಿಹೋಗುತ್ತಿತ್ತು. ಆದರೆ ಹೊಳಪು ಒಂದು ಹಂತದ ನಂತರ ತುಂಬಿದ ಕೊಡದಂತೆ ನಿಂತುಬಿಡುತ್ತದೆ. ಚುಕ್ಕಿಯ ಒಂದು ಮೂಲೆಯಲ್ಲಿ ಭೋರ್ಗರೆವ ಮಳೆಯಿದ್ದು ಉಳಿದೆಡೆ ಖಾಲಿಯಿದ್ದರೆ, ಆ ಮೂಲೆಯ ಹೆಚ್ಚುವರಿ ಮಳೆ ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು ಅಂದಾಜು ನಿಜಕ್ಕಿಂತ ಕೆಳಗೆ ಇಳಿಯುತ್ತದೆ. ಅಲ್ಲದೆ ತರಂಗ ಹೇಳುವುದು ಕಡಲಿನ ಮೇಲ್ಮೈಯಿಂದ ನೀರು ಹೆಪ್ಪುಗಟ್ಟುವ ಎತ್ತರದವರೆಗೆ, ಅಂದರೆ ಉಷ್ಣವಲಯದಲ್ಲಿ ಸುಮಾರು 5 ಕಿ.ಮೀ.ವರೆಗೆ, ಇರುವ ಒಟ್ಟು ಹನಿನೀರನ್ನು. ಆ ಎತ್ತರವನ್ನು ತಪ್ಪಾಗಿ ತಿಳಿದರೆ ಮಳೆಯ ವೇಗವೂ ತಪ್ಪಾಗುತ್ತದೆ.

ಮೂರನೆಯ ಗುರುತು ಪ್ರತಿಧ್ವನಿ. 1997ರ ನವೆಂಬರ್ 27ರಂದು ಜಪಾನಿನ ತಾನೆಗಾಶಿಮಾದಿಂದ ಹಾರಿದ, ಉಷ್ಣವಲಯದ ಮಳೆ ನೋಡಲೆಂದೇ ಕಟ್ಟಿದ ಟಿಆರ್‌ಎಂಎಂ ಉಪಗ್ರಹ ಮಳೆ ನೋಡುವ ರೇಡಾರನ್ನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಒಯ್ದಿತು. ಮೂರು ವರ್ಷಕ್ಕೆಂದು ಕಟ್ಟಿದ ಆ ಉಪಗ್ರಹ 2015ರವರೆಗೆ ದುಡಿಯಿತು. ರೇಡಾರ್ ತಾನೇ ತರಂಗವನ್ನು ಕಳುಹಿಸಿ, ಅದು ಹನಿಗಳಿಗೆ ತಾಗಿ ಮರಳಲು ಹಿಡಿಯುವ ಸಮಯದಿಂದ ಹನಿಗಳ ಎತ್ತರವನ್ನೂ, ಮರಳಿದ ತರಂಗದ ಬಲದಿಂದ ಮಳೆಯ ಪ್ರಮಾಣವನ್ನೂ ಲೆಕ್ಕ ಹಾಕುತ್ತದೆ. ಹೀಗೆ ಮಳೆಯ ಉದ್ದಗಲದ ಜೊತೆಗೆ ಎತ್ತರವೂ ತಿಳಿಯುತ್ತದೆ. ಘಟ್ಟದ ಮಳೆ ಘಟ್ಟಕ್ಕೆ ಬಂದು ತಾಗಿದ ಮೇಲೆ ಮಾತ್ರ ಹುಟ್ಟುವುದಲ್ಲ, ಕರಾವಳಿಗೆ ಬರುವ ಮೊದಲೇ ಅರಬ್ಬಿ ಸಮುದ್ರದ ಮೇಲೆ ಶುರುವಾಗಿರುತ್ತದೆ ಎಂಬುದು ಈ ಉಪಗ್ರಹದ ನಕ್ಷೆಗಳಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಆದರೆ ಪ್ರತಿಧ್ವನಿಗೂ ನೀರಿಗೂ ಇರುವ ಸಂಬಂಧ ನೇರವಾದುದಲ್ಲ. 2 ಮಿ.ಮೀ. ವ್ಯಾಸದ ಹನಿಯಲ್ಲಿ 1 ಮಿ.ಮೀ. ವ್ಯಾಸದ ಹನಿಗಿಂತ 8 ಪಟ್ಟು ನೀರಿರುತ್ತದೆ. ಅದು ಮರಳಿಸುವ ಪ್ರತಿಧ್ವನಿ ಮಾತ್ರ 64 ಪಟ್ಟು. ಅಂದರೆ 2 ಮಿ.ಮೀ.ಯ ಒಂದೇ ಹನಿಯೂ 1 ಮಿ.ಮೀ.ಯ 64 ಹನಿಗಳೂ ರೇಡಾರಿಗೆ ಒಂದೇ ರೀತಿ ಕೇಳಿಸುತ್ತವೆ. ಎರಡನೆಯದರಲ್ಲಿ ನೀರು ಎಂಟು ಪಟ್ಟು ಹೆಚ್ಚಿದ್ದರೂ ರೇಡಾರಿಗೆ ಅದು ಗೊತ್ತಾಗುವುದಿಲ್ಲ. ಕಣಕುಂಬಿಯ ಸೋನೆಯ ಸಣ್ಣ ಹನಿಗಳಿಗೂ ನಮ್ಮ ಕಡೆ ಮೇ ತಿಂಗಳಿನಲ್ಲಿ ಗುಡುಗಿನೊಡನೆ ಟಪಟಪನೆ ಬೀಳುವ ದಪ್ಪ ಹನಿಗಳಿಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಈ ತೊಡಕಿನ ಆಳ ಅರ್ಥವಾಗುತ್ತದೆ. ಹನಿಯ ಗಾತ್ರ ತಿಳಿಯದೆ ಮಳೆಯ ಪ್ರಮಾಣ ತಿಳಿಯದು. 2014ರ ಫೆಬ್ರವರಿಯಲ್ಲಿ ಹಾರಿದ, ಇಡೀ ಜಗತ್ತಿನ ಮಳೆ ನೋಡುವ ಜಿಪಿಎಂ ಯೋಜನೆಯ ಮುಖ್ಯ ಉಪಗ್ರಹದಲ್ಲಿ ಸುಮಾರು 13.6 ಮತ್ತು 35.5 ಗಿಗಾಹರ್ಟ್ಸ್‌ನ ಎರಡು ರೇಡಾರ್‌ಗಳನ್ನು ಒಟ್ಟಿಗೆ ಇಟ್ಟದ್ದು ಈ ಕಾರಣಕ್ಕಾಗಿ. ದಪ್ಪ ಹನಿಗಳು ಎರಡು ತರಂಗಗಳಿಗೆ ಎರಡು ರೀತಿಯಲ್ಲಿ ಉತ್ತರಿಸುವುದರಿಂದ, ಉತ್ತರಗಳ ನಡುವಿನ ಅಂತರವೇ ಹನಿಯ ಗಾತ್ರವನ್ನು ತಿಳಿಸುತ್ತದೆ. ಕಡಲಿನ ಮೇಲ್ಮೈಯೂ ಇಲ್ಲಿ ನೆರವಿಗೆ ಬರುತ್ತದೆ. ಮಳೆಯಿಲ್ಲದಾಗ ಅದು ಎಷ್ಟು ಪ್ರತಿಧ್ವನಿ ಕೊಡುತ್ತದೆಂಬುದು ಸಾಕಷ್ಟು ಚೆನ್ನಾಗಿ ತಿಳಿದಿರುವುದರಿಂದ, ಮಳೆಯ ನಡುವೆ ಅದು ಎಷ್ಟು ಕುಂದಿತೆಂಬುದನ್ನು ನೋಡಿ, ಹನಿಗಳು ದಾರಿಯಲ್ಲಿ ಎಷ್ಟು ತರಂಗವನ್ನು ನುಂಗಿದವು ಎಂದು ಲೆಕ್ಕ ಹಾಕುತ್ತಾರೆ.

ಕಡಲಿನ ಒಳಗಿನಿಂದಲೂ ಮಳೆಯ ಸುಳಿವು ಸಿಗುತ್ತದೆ. ಸುಮಾರು 0.8ರಿಂದ 1.2 ಮಿ.ಮೀ. ಗಾತ್ರದ ಹನಿ ನೀರಿಗೆ ಬಿದ್ದಾಗ ಮೇಲ್ಮೈಯ ಕೆಳಗೆ ಒಂದು ಪುಟ್ಟ ಗುಳ್ಳೆ ಸಿಕ್ಕಿಕೊಂಡು ಗಂಟೆಯಂತೆ ನಾದ ಹೊರಡಿಸುತ್ತದೆ. ಆ ನಾದ 13ರಿಂದ 25 ಕಿಲೋಹರ್ಟ್ಸ್ ನಡುವೆ ಇರುತ್ತದೆ. ಅದಕ್ಕಿಂತ ಸ್ವಲ್ಪ ದೊಡ್ಡ ಹನಿಗಳು ಹೆಚ್ಚುಕಡಿಮೆ ಮೌನವಾಗಿ ಬೀಳುತ್ತವೆ, 2 ಮಿ.ಮೀ. ದಾಟಿದವು ಮತ್ತೆ ಜೋರಾಗಿ ಸದ್ದು ಮಾಡುತ್ತವೆ. ಅಮೆರಿಕದ ಜೆಫ್ರಿ ನೈಸ್ಟುಯೆನ್ ಮೊದಲಾದವರು ಈ ಸದ್ದನ್ನು ಬಿಡಿಸಿ ಓದುವ ನೀರೊಳಗಿನ ಉಪಕರಣಗಳನ್ನು ರೂಪಿಸಿದರು. ಗಾಳಿ ಹನಿಗಳನ್ನು ಆಚೆಗೆ ತಳ್ಳುವ, ತುಂತುರು ಒಳಗೆ ಬೀಳುವ ತೊಡಕು ಇವುಗಳಿಗಿಲ್ಲ. ಆಳಕ್ಕೆ ಇಳಿಸಿದಷ್ಟೂ ಹೆಚ್ಚು ವಿಸ್ತಾರದ ಮಳೆಯನ್ನು ಕೇಳಿಸಿಕೊಳ್ಳುತ್ತವೆ. ಉಪ್ಪೂ ಒಂದು ಸಾಕ್ಷಿ. ಮಳೆ ಬಿದ್ದಲ್ಲಿ ಮೇಲ್ಪದರದ ಉಪ್ಪಿನಂಶ ತಗ್ಗುವುದರಿಂದ ಉಪಗ್ರಹಗಳೂ ತೇಲುವ ಉಪಕರಣಗಳೂ ಅದನ್ನು ಗಮನಿಸುತ್ತವೆ. ಬಂಗಾಳ ಕೊಲ್ಲಿಯಲ್ಲಿ ಮಾತ್ರ ಗಂಗೆ, ಬ್ರಹ್ಮಪುತ್ರೆಗಳು ತಂದು ಸುರಿಯುವ ಸಿಹಿನೀರೂ ಸೇರಿಕೊಂಡು ಈ ಸಾಕ್ಷಿ ಗೋಜಲಾಗುತ್ತದೆ.

ಇನ್ನು ಕಾಲದ ಸಮಸ್ಯೆ. ಮೈಕ್ರೋವೇವ್ ಮತ್ತು ರೇಡಾರ್ ಉಪಕರಣಗಳು ಭೂಮಿಗೆ ಹತ್ತಿರದ ಕಕ್ಷೆಗಳಲ್ಲಿ ಸುತ್ತುವುದರಿಂದ ಒಂದು ಉಪಗ್ರಹ ಒಂದು ಜಾಗವನ್ನು ದಿನಕ್ಕೆ ಒಂದೆರಡು ಬಾರಿ ಮಾತ್ರ ನೋಡುತ್ತದೆ. ಅಡ್ಡಮಳೆಯೊಂದು ಅರ್ಧ ಗಂಟೆಯಲ್ಲಿ ಸುರಿದು ಮುಗಿದಿರುತ್ತದೆ. ಈ ಕೊರತೆಯನ್ನು ಉಷ್ಣವಲಯದ ಮಟ್ಟಿಗಾದರೂ ನೀಗಿಸಲೆಂದು ನಮ್ಮ ಇಸ್ರೋ ಫ್ರಾನ್ಸಿನ ಬಾಹ್ಯಾಕಾಶ ಸಂಸ್ಥೆಯೊಡನೆ ಸೇರಿ 2011ರ ಅಕ್ಟೋಬರ್ 12ರಂದು ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು ಹಾರಿಸಿತು. ಭೂಮಧ್ಯರೇಖೆಗೆ ಕೇವಲ 20 ಡಿಗ್ರಿ ಓರೆಯಾದ ಕಕ್ಷೆಯಲ್ಲಿದ್ದ ಅದು ಉಷ್ಣವಲಯದ ಕಡಲುಗಳ ಮೇಲೆ ದಿನಕ್ಕೆ ಹಲವು ಬಾರಿ ಹಾದುಹೋಗುತ್ತಿತ್ತು. ಮಳೆ ನೋಡುವ ಅದರ ಮುಖ್ಯ ಉಪಕರಣ 2013ರ ಜನವರಿಯಲ್ಲಿಯೇ ಕೆಲಸ ನಿಲ್ಲಿಸಿದ್ದು ದೊಡ್ಡ ನಷ್ಟ. ಆದರೂ ತೇವಾಂಶ ಅಳೆಯುವ ಉಪಕರಣ ಮುಂದೆಯೂ ವರ್ಷಗಟ್ಟಲೆ ಉಪಯೋಗಕ್ಕೆ ಬಂತು. 2023ರ ಮಾರ್ಚ್ 7ರಂದು ಉಪಗ್ರಹವನ್ನು ಶಾಂತಸಾಗರದ ಮೇಲೆ ನಿಯಂತ್ರಿತವಾಗಿ ಕೆಳಗಿಳಿಸಲಾಯಿತು.

ಈಗ ಹಲವು ದೇಶಗಳ ಉಪಗ್ರಹಗಳನ್ನು ಒಂದೇ ಲೆಕ್ಕದೊಳಗೆ ತರುತ್ತಾರೆ. ಜಿಪಿಎಂನ ರೇಡಾರನ್ನು ಅಳತೆಗೋಲಾಗಿಟ್ಟು ಉಳಿದ ಮೈಕ್ರೋವೇವ್ ಉಪಕರಣಗಳನ್ನು ಹೊಂದಿಸಿ, ಎರಡು ನೋಟಗಳ ನಡುವಿನ ಹೊತ್ತಿನಲ್ಲಿ ಮಳೆ ಎತ್ತ ಸರಿಯಿತೆಂದು ಗಾಳಿಯಲ್ಲಿನ ತೇವಾಂಶದ ಚಲನೆಯಿಂದ ಅಂದಾಜಿಸಿ, ಉಳಿದ ತೆರಪುಗಳನ್ನು ಅವಕೆಂಪಿನಿಂದ ತುಂಬಿ, ಅರ್ಧ ಗಂಟೆಗೊಮ್ಮೆ ಸುಮಾರು 11 ಕಿ.ಮೀ. ಚೌಕಗಳ ಮಳೆನಕ್ಷೆಯನ್ನು ಸಿದ್ಧಪಡಿಸುತ್ತಾರೆ. ನೆಲದ ಮೇಲೆ ಈ ನಕ್ಷೆಯನ್ನು ಮಳೆಮಾಪಕಗಳ ಲೆಕ್ಕದೊಡನೆ ತಾಳೆ ನೋಡಿ ತಿದ್ದಬಹುದು. ಕರ್ನಾಟಕದಲ್ಲಂತೂ ಗ್ರಾಮ ಪಂಚಾಯಿತಿ ಮಟ್ಟದವರೆಗೆ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳಿವೆ. ಕಡಲಿನಲ್ಲಿ ತಿದ್ದಲು ಸಿಗುವುದು ಹವಳದ ದ್ವೀಪಗಳ, ತೇಲುವ ಕೇಂದ್ರಗಳ ಅಳತೆಯಷ್ಟೇ.

ಈ ಅಂದಾಜಿನಲ್ಲಿ ಉಳಿಯುವ ತಪ್ಪಿನ ತೂಕವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ವರ್ಷಕ್ಕೆ ಕಡಲಿನಿಂದ ಸುಮಾರು 4,13,000 ಘನ ಕಿ.ಮೀ. ನೀರು ಆವಿಯಾಗಿ ಏಳುತ್ತದೆ. ಸುಮಾರು 3,73,000 ಘನ ಕಿ.ಮೀ. ಮಳೆಯಾಗಿ ಕಡಲಿಗೇ ಮರಳುತ್ತದೆ. ಉಳಿದ 40,000 ಘನ ಕಿ.ಮೀ. ಗಾಳಿಯೊಡನೆ ನೆಲದ ಮೇಲೆ ಬಂದು, ಕೊನೆಗೆ ನದಿಗಳಾಗಿ ಕಡಲಿಗೆ ಹರಿಯುತ್ತದೆ. ಕಡಲ ಮಳೆಯ ಲೆಕ್ಕ ನೂರಕ್ಕೆ ಹತ್ತರಷ್ಟು ತಪ್ಪಿದರೆ ಆ ತಪ್ಪು 37,000 ಘನ ಕಿ.ಮೀ. ದಾಟುತ್ತದೆ. ಕೃಷ್ಣೆ, ಭೀಮೆ, ಗಂಗೆ, ಅಮೆಜಾನ್ ಎಲ್ಲವೂ ಸೇರಿದ ಜಗತ್ತಿನ ನದಿಗಳ ಒಟ್ಟು ನೀರಿಗೆ ಇದು ಹೆಚ್ಚುಕಡಿಮೆ ಸಮ.

ಕಡಲಿನಿಂದ ಇಷ್ಟು ದೂರದ ನಮಗೆ ಈ ಲೆಕ್ಕದಿಂದ ಆಗಬೇಕಾದದ್ದು ಇದೆ. ಆವಿ ಹನಿಯಾಗುವಾಗ ಪ್ರತಿ ಕಿಲೋ ನೀರಿಗೆ ಸುಮಾರು 25 ಲಕ್ಷ ಜೂಲ್ ಶಾಖ ಗಾಳಿಗೆ ಸೇರುತ್ತದೆ. ದಿನಕ್ಕೆ 10 ಮಿ.ಮೀ. ಮಳೆ ಸುರಿಯುವ ಕಡಲಿನ ಮೇಲೆ ಇದು ಚದರ ಮೀಟರಿಗೆ ಸುಮಾರು 290 ವ್ಯಾಟ್; ಇಡೀ ಭೂಮಿ ಸೂರ್ಯನಿಂದ ಸರಾಸರಿ ಹೀರಿಕೊಳ್ಳುವುದೇ ಸುಮಾರು 240 ವ್ಯಾಟ್. ಮುಂಗಾರಿನ ಗಾಳಿಯನ್ನು ಎಳೆಯುವ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳನ್ನು ಬಲಪಡಿಸುವ ಶಕ್ತಿಯ ದೊಡ್ಡ ಪಾಲು ಈ ಶಾಖವೇ. ಕಡಲ ಮೇಲೆ ಎಲ್ಲಿ, ಎಷ್ಟು ಮಳೆಯಾಗುತ್ತಿದೆ ಎಂಬುದನ್ನು ಮುನ್ಸೂಚನೆಯ ಗಣಕಗಳಿಗೆ ಸರಿಯಾಗಿ ಕೊಟ್ಟಷ್ಟೂ ಅವು ಗಾಳಿಯ ಮುಂದಿನ ನಡೆಯನ್ನು ಹೆಚ್ಚು ಸರಿಯಾಗಿ ಹೇಳುತ್ತವೆ. ಮಳೆನೆರಳಿನ ವಿಜಯಪುರಕ್ಕೆ ವರ್ಷದ ಅತಿ ಹೆಚ್ಚು ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ, ಉತ್ತರಿ ಮಳೆಯ ಹೊತ್ತಿಗೆ. ಆ ದಿನಗಳಲ್ಲಿ ನಮಗೆ ಅರಬ್ಬಿ ಸಮುದ್ರದಷ್ಟೇ ಬಂಗಾಳ ಕೊಲ್ಲಿಯೂ ಮುಖ್ಯ.

2020ರ ಅಕ್ಟೋಬರ್‌ನಲ್ಲಿ ಕೊಲ್ಲಿಯಲ್ಲಿ ಹುಟ್ಟಿದ ತೀವ್ರ ವಾಯುಭಾರ ಕುಸಿತವೊಂದು 13ರ ಬೆಳಗ್ಗೆ ಕಾಕಿನಾಡದ ಬಳಿ ನೆಲಕ್ಕೆ ಬಂದು, ತೆಲಂಗಾಣವನ್ನೂ ನಮ್ಮ ಉತ್ತರ ಒಳನಾಡನ್ನೂ ತೋಯಿಸುತ್ತಾ ಪಶ್ಚಿಮಕ್ಕೆ ಸಾಗಿತು. ಭೀಮೆ ಉಕ್ಕಿ ಇಂಡಿ, ಸಿಂದಗಿ ಭಾಗದ ನದಿತೀರದ ಹಳ್ಳಿಗಳಿಗೆ ನೀರು ನುಗ್ಗಿತು. ನೆಲಕ್ಕೆ ಬಂದ ಮೇಲೆ ಆ ಮಳೆಯ ಪ್ರತಿ ಮಿಲಿಮೀಟರನ್ನೂ ಊರೂರಿನ ಮಾಪಕಗಳು ಬರೆದಿಟ್ಟವು. ಅದಕ್ಕೂ ಮೊದಲು ಕೊಲ್ಲಿಯ ಮೇಲೆ ಅದು ಸುರಿಸಿದ ಮಳೆಗೆ, ತೇಲುವ ಕೆಲವೇ ಕೇಂದ್ರಗಳ ಅಳತೆಯನ್ನು ಬಿಟ್ಟರೆ, ಉಳಿದಿರುವ ದಾಖಲೆ ಮಬ್ಬಾದ ಕಡಲಿನ ಮೇಲೆ ಹನಿಗಳ ಹೊಳಪನ್ನು ಉಪಗ್ರಹಗಳು ಕಂಡದ್ದು ಮಾತ್ರ.